ಸಹಾಯ ಬೇಕು: ಓರಲ್ ಪರೀಕ್ಷೆಯ ಭಯ, ಸರ್‌ಗೆ ಮೊದಲೇ ಹೇಳಬೇಕಾ?

ಪುಣೆಯ ಅಣ್ಣ-ಅಕ್ಕಂದಿರಿಗೆ ನಮಸ್ಕಾರ. ನಾನು ವಿಜಯಪುರದವಳು. ಇಲ್ಲಿ ಶಿವಾಜಿನಗರದ ಹತ್ತಿರ ಪಿಜಿಯಲ್ಲಿದ್ದು ಮೊದಲ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೇನೆ. ಊಟ, ಬಸ್ಸು, ಮರಾಠಿ ಎಲ್ಲ ಹೇಗೋ ಹೊಂದಿಕೊಂಡಿವೆ.

ತೊಂದರೆ ಇರುವುದು ಲ್ಯಾಬಿನಲ್ಲಿ. ಜರ್ನಲ್‌ಗೆ (ಪ್ರಯೋಗ ಬರೆಯುವ ಲ್ಯಾಬ್ ರೆಕಾರ್ಡ್) ಸಹಿ ಹಾಕುವಾಗ ಸರ್ ಪ್ರಶ್ನೆ ಕೇಳುತ್ತಾರೆ. ಉತ್ತರ ಗೊತ್ತಿರುತ್ತದೆ. ಆದರೆ ಎಲ್ಲರೂ ನನ್ನ ಕಡೆ ತಿರುಗಿದ ಕೂಡಲೇ ಕೈ ನಡುಗುತ್ತದೆ, ಬಾಯಿ ಒಣಗುತ್ತದೆ, ಮಾತೇ ಹೊರಡುವುದಿಲ್ಲ. ಬರೆಯುವ ಪರೀಕ್ಷೆಯಲ್ಲಿ ಹೀಗಾಗುವುದಿಲ್ಲ.

ರೂಮ್‌ಮೇಟ್ ಹತ್ತಿರ ಪ್ರಶ್ನೆ ಕೇಳಿಸಿಕೊಂಡು ಉತ್ತರ ಹೇಳಿ ನೋಡಿದೆ. ರೂಮಿನಲ್ಲಿ ಸರಿಯಾಗಿ ಬರುತ್ತದೆ, ಲ್ಯಾಬಿಗೆ ಹೋದರೆ ಮತ್ತೆ ಅದೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ನಿಜಕ್ಕೂ ಸಮಾಧಾನವಾಯಿತು. ಕಾಲೇಜಿನಲ್ಲೂ ಯಾರಿಗಾದರೂ ಹೇಳು ಅಂದರು.

ನಾನು ಸಿಕ್ಕಿಕೊಂಡಿರುವುದು ಇಲ್ಲೇ. ಸೆಮಿಸ್ಟರ್ ಕೊನೆಯ ಓರಲ್‌ಗೆ ಹೊರಗಿನ ಎಕ್ಸಾಮಿನರ್ ಬರುತ್ತಾರಂತೆ. ಹೇಳಿದರೆ ಸುಮ್ನೆ ನೆಪ ಹೇಳುತ್ತಿದ್ದಾಳೆ ಅಂದುಕೊಳ್ಳಬಹುದು. ಹೇಳದಿದ್ದರೆ ಓದಿಲ್ಲ ಅಂತಲೇ ಅಲ್ವಾ?

ಇಂಥ ಭಯ ಇದ್ದವರು ಯಾರಿಗೆ ಹೇಳಿದಿರಿ, ಲ್ಯಾಬ್ ಸರ್‌ಗಾ, ಕ್ಲಾಸ್ ಟೀಚರ್‌ಗಾ, ಕೌನ್ಸೆಲರ್‌ಗಾ? ಹೇಳಿದ ಮೇಲೆ ಓರಲ್‌ನಲ್ಲಿ ಏನಾದರೂ ಅನುಕೂಲ ಆಯಿತಾ?