ಗಣಿ ಕಂಪನಿ ಷೇರು: ಡಿವಿಡೆಂಡ್ ನೋಡಬೇಕಾ, ಕ್ಯಾಪೆಕ್ಸ್ (ಬಂಡವಾಳ ವೆಚ್ಚ) ನೋಡಬೇಕಾ? (ಎನ್‌ಎಂಡಿಸಿ, ಹಿಂದೂಸ್ತಾನ್ ಝಿಂಕ್)

ತಿಂಗಳ_ಲೆಕ್ಕ

ಎಲ್ಲರಿಗೂ ನಮಸ್ಕಾರ. ಡಿವಿಡೆಂಡ್ ಆದಾಯಕ್ಕೆಂದೇ ಇಟ್ಟುಕೊಂಡ ಷೇರುಗಳಲ್ಲಿ ಕೇಂದ್ರ ಸರ್ಕಾರದ ಕಬ್ಬಿಣದ ಅದಿರು ಕಂಪನಿ ಎನ್‌ಎಂಡಿಸಿಯೂ ಇದೆ. 2021-22ರಲ್ಲಿ ಷೇರಿಗೆ ₹14.74 ಕೊಟ್ಟಿದ್ದ ಕಂಪನಿ 2023-24ಕ್ಕೆ ₹7.25 ಕೊಟ್ಟಿತು, 2024-25ಕ್ಕೆ ₹3.30. ಅದೇ ಹೊತ್ತಿಗೆ 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಅದಿರು ತೆಗೆಯುವ ಗುರಿ ಹೇಳುತ್ತಿದ್ದಾರೆ. 2024-25ರಲ್ಲಿ ತೆಗೆದದ್ದು 4.4 ಕೋಟಿ ಟನ್. ಅಂದರೆ ಇನ್ನೂ ಹಲವು ವರ್ಷ ಹಣವೆಲ್ಲ ಯಂತ್ರ, ಕನ್ವೇಯರ್, ಪೈಪ್‌ಲೈನ್‌ಗೇ ಹೋಗುತ್ತದೆ.

ಕೇಳಬೇಕಾದದ್ದು ಇಷ್ಟು. ಡಿವಿಡೆಂಡ್ ಇಳಿದಿರುವುದು ಈ ಖರ್ಚಿನಿಂದಲೇನಾ? ಇದನ್ನು ಮಾರಿ, ಕೈತುಂಬ ಡಿವಿಡೆಂಡ್ ಕೊಡುವ ಹಿಂದೂಸ್ತಾನ್ ಝಿಂಕ್‌ಗೆ ಹೋಗುವುದು ಸರಿಯಾ? ವಾರ್ಷಿಕ ವರದಿಯಲ್ಲಿ ಯಾವ ಸಾಲು ಓದಿದರೆ ಇದು ಗೊತ್ತಾಗುತ್ತದೆ?

ನಗದು_ಹರಿವು

ಸರ್, ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. 2024ರ ಡಿಸೆಂಬರ್ 27 ರೆಕಾರ್ಡ್ ಡೇಟ್ (ಅಂದು ಷೇರು ಹೊಂದಿದ್ದವರಿಗೆ ಸಿಗುವ ದಿನ) ಇಟ್ಟು ಎನ್‌ಎಂಡಿಸಿ ಒಂದು ಷೇರಿಗೆ ಎರಡು ಬೋನಸ್ ಷೇರು ಕೊಟ್ಟಿದೆ. ಒಂದಿದ್ದದ್ದು ಮೂರಾಯಿತು. ಹಾಗಾಗಿ ಹಳೆಯ ಅಂಕಿಗಳನ್ನೆಲ್ಲ ಮೂರರಿಂದ ಭಾಗಿಸಿ. ₹7.25 ಈಗಿನ ಲೆಕ್ಕದಲ್ಲಿ ಸುಮಾರು ₹2.42. ಅದರ ಮುಂದೆ ₹3.30 ಇಳಿಕೆಯಲ್ಲ, ಏರಿಕೆ. ₹14.74 ಆಗುವುದು ₹4.91. ಅದಿರಿನ ಬೆಲೆ ನೆತ್ತಿಗೇರಿದ್ದ ವರ್ಷ ಅದು, ಕಂಪನಿಯ ನಗರ್ನಾರ್ ಉಕ್ಕಿನ ಸ್ಥಾವರವೂ ಆಗ ಬೇರೆಯಾಗಿರಲಿಲ್ಲ. ಆ ವರ್ಷವನ್ನು ಅಳತೆಗೋಲು ಮಾಡಿಕೊಂಡರೆ ಯಾವ ಗಣಿ ಕಂಪನಿಯೂ ನಿಮಗೆ ಒಪ್ಪಿಗೆಯಾಗದು.

ಈಗ ಓದಬೇಕಾದ ಸಾಲು. ವರದಿಯಲ್ಲಿ ನಗದು ಹರಿವಿನ ಪಟ್ಟಿ ತೆಗೆಯಿರಿ. ಕಾರ್ಯಾಚರಣೆಯಿಂದ ಬಂದ ನಿವ್ವಳ ನಗದು ಒಂದು ಸಾಲು. ಸ್ಥಾವರ, ಯಂತ್ರ, ಆಸ್ತಿ ಖರೀದಿಗೆ ಹೋದ ಹಣ ಇನ್ನೊಂದು ಸಾಲು, ಇದರಲ್ಲಿ ಬಂಡವಾಳ ಮುಂಗಡವೂ ಸೇರಿರುತ್ತದೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಡಿವಿಡೆಂಡ್ ಕೊಡಲು ನಿಜವಾಗಿ ಇರುವ ಹಣ. ಇದನ್ನು ಒಂದು ವರ್ಷಕ್ಕಲ್ಲ, ಐದು ವರ್ಷಕ್ಕೆ ಕೂಡಿ, ಆ ಐದು ವರ್ಷ ಕೊಟ್ಟ ಡಿವಿಡೆಂಡ್ ಮೊತ್ತದ ಪಕ್ಕದಲ್ಲಿಡಿ. ಒಂದೇ ವರ್ಷ ನೋಡಿದರೆ ಬಾಕಿ ವಸೂಲಿ, ದಾಸ್ತಾನು ಏರಿಳಿತ ಇಡೀ ಚಿತ್ರ ಕೆಡಿಸುತ್ತವೆ.

ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ. ಹೂಡಿಕೆ ಚಟುವಟಿಕೆಯ ಒಟ್ಟು ಮೊತ್ತವನ್ನೇ ಕ್ಯಾಪೆಕ್ಸ್ ಎಂದುಕೊಂಡುಬಿಡುತ್ತಾರೆ. ಸರ್ಕಾರಿ ಕಂಪನಿಗಳು ಬ್ಯಾಂಕಿನಲ್ಲಿ ದೊಡ್ಡ ಠೇವಣಿ ಇಡುತ್ತವೆ. ಮೂರು ತಿಂಗಳಿಗಿಂತ ಹೆಚ್ಚಿನ ಅವಧಿಯ ಠೇವಣಿಯೂ ಅದೇ ಭಾಗದಲ್ಲಿ ಹಣ ಹೊರಹೋದಂತೆ ಕಾಣುತ್ತದೆ. ಅದು ಖರ್ಚಲ್ಲ, ಜೇಬು ಬದಲಾದ ಹಣ.

ಮುಂದಿನ ವರ್ಷಗಳ ಖರ್ಚು ಎಷ್ಟು ಎಂಬುದಕ್ಕೆ ಆಡಳಿತದ ಭಾಷಣ ಬೇಡ. ಟಿಪ್ಪಣಿಗಳ ಕೊನೆಯಲ್ಲಿ ಸಂಭಾವ್ಯ ಹೊಣೆ ಮತ್ತು ಬದ್ಧತೆಗಳು ಅಂತ ಒಂದು ಪುಟ ಇರುತ್ತದೆ. ಒಪ್ಪಂದವಾಗಿ, ಇನ್ನೂ ಕೆಲಸ ಮುಗಿಯದ, ಲೆಕ್ಕಕ್ಕೆ ತೆಗೆದುಕೊಳ್ಳದ ಬಂಡವಾಳ ಕಾಮಗಾರಿಗಳ ಮೊತ್ತ ಅಲ್ಲಿದೆ. ಆ ಅಂಕಿ ಹಿಂದಿನ ವರ್ಷಕ್ಕಿಂತ ದುಪ್ಪಟ್ಟಾಗಿದ್ದರೆ ಟೆಂಡರ್ ಕೊಟ್ಟಾಗಿದೆ, ಬಿಲ್ಲು ಬರುವುದೊಂದೇ ಬಾಕಿ.

ಸಂಡೂರು_ಕಣಿವೆ

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಎಲ್ಲ ಕ್ಯಾಪೆಕ್ಸ್ ಒಂದೇ ಜಾತಿಯದಲ್ಲ. ಗಣಿಯಲ್ಲಿ ಮೂರು ಬಗೆ ಇವೆ, ಮೂರನ್ನೂ ಬೇರೆ ಬೇರೆ ತೂಗಬೇಕು.

ಗಣಿ ನಿಲ್ಲದಿರಲು ಬೇಕಾದ ಖರ್ಚು ಮೊದಲನೆಯದು. ಹಳೆಯ ಡಂಪರ್ ಬದಲಾವಣೆ, ಕನ್ವೇಯರ್ ಬೆಲ್ಟ್, ಟೈಲಿಂಗ್ಸ್ (ಅದಿರು ತೆಗೆದ ಮೇಲೆ ಉಳಿಯುವ ಕೆಸರು) ಕಟ್ಟೆ ಎತ್ತರಿಸುವುದು, ಮೇಲ್ಮಣ್ಣು ತೆಗೆದು ಹೊಸ ಬೆಂಚ್ (ಗಣಿಯ ಮೆಟ್ಟಿಲು) ತೆರೆಯುವುದು. ಇದನ್ನು ಕಡಿಮೆ ಮಾಡಿ ಡಿವಿಡೆಂಡ್ ಹೆಚ್ಚಿಸಿದರೆ ಎರಡು ವರ್ಷ ಚೆನ್ನಾಗಿರುತ್ತದೆ, ಮೂರನೇ ವರ್ಷ ಉತ್ಪಾದನೆ ಕುಸಿಯುತ್ತದೆ. ಕಂಪನಿ ಇದನ್ನು ಬಿಡಿಸಿ ಹೇಳದಿದ್ದರೆ ಸವಕಳಿ (ಡಿಪ್ರಿಸಿಯೇಷನ್) ಮೊತ್ತವನ್ನು ಕನಿಷ್ಠ ಅಂದಾಜಾಗಿ ಇಟ್ಟುಕೊಳ್ಳಿ. ಹಳೆಯ ಬೆಲೆಗೆ ಕೊಂಡ ಯಂತ್ರದ ಸವಕಳಿ ಅದು, ಆದ್ದರಿಂದ ನಿಜವಾದ ಖರ್ಚು ಅದಕ್ಕಿಂತ ಮೇಲೆಯೇ ಇರುತ್ತದೆ.

ಎರಡನೆಯದು ಅದೇ ಅದಿರನ್ನು ಹೆಚ್ಚು ತೆಗೆಯಲು, ಸಾಗಿಸಲು ಮಾಡುವ ಖರ್ಚು: ಛತ್ತೀಸ್‌ಗಢದ ಕಿರಂದುಲ್‌ನ ಸ್ಕ್ರೀನಿಂಗ್ ಪ್ಲಾಂಟ್ (ಅದಿರು ಜರಡಿ ಹಿಡಿಯುವ ಘಟಕ), ಬಚೇಲಿಯಿಂದ ನಗರ್ನಾರ್‌ಗೆ ಸ್ಲರಿ (ನೀರಿನಲ್ಲಿ ಕಲೆಸಿದ ಅದಿರು) ಪೈಪ್‌ಲೈನ್, ಇಂಥವು. ಇದರ ಫಲ ಲೆಕ್ಕ ಹಾಕಬಹುದು. ಎನ್‌ಎಂಡಿಸಿಯ ವಿಸ್ತರಿಸಿದ ಗುತ್ತಿಗೆಗಳಲ್ಲಿ ಸರಾಸರಿ ಮಾರಾಟ ಬೆಲೆಯ ಮೇಲೆ ರಾಜಧನ ಶೇ 15, ಅದರ ಶೇ 30 ಜಿಲ್ಲಾ ಖನಿಜ ನಿಧಿಗೆ ಅಂದರೆ ಶೇ 4.5, ಜೊತೆಗೆ ರಾಜಧನದ ಒಂದೂವರೆ ಪಟ್ಟು ಹೆಚ್ಚುವರಿ ಪಾವತಿ ಅಂದರೆ ಶೇ 22.5. ಒಟ್ಟು ಸುಮಾರು ಶೇ 42. ಉದಾಹರಣೆಗೆ ಟನ್‌ಗೆ ₹5,000 ಬೆಲೆ ಎಂದುಕೊಳ್ಳಿ. ₹2,100 ಸರ್ಕಾರಕ್ಕೆ ಹೋಯಿತು. ತೆಗೆಯುವ, ಸಾಗಿಸುವ ಖರ್ಚು ₹900 ಎಂದಿಟ್ಟರೆ ₹2,000 ಉಳಿಯಿತು, ಕಂಪನಿ ತೆರಿಗೆ ಕಳೆದು ಸುಮಾರು ₹1,500. 10 ಲಕ್ಷ ಟನ್ ಹೆಚ್ಚಾದರೆ ವರ್ಷಕ್ಕೆ 150 ಕೋಟಿ. ಅಷ್ಟು ಸಾಮರ್ಥ್ಯಕ್ಕೆ 500 ಕೋಟಿ ಖರ್ಚಾದರೆ ಶೇ 30ರ ಪ್ರತಿಫಲ. ಬೆಲೆ ₹3,500ಕ್ಕೆ ಇಳಿಸಿ ಇದೇ ಲೆಕ್ಕ ಮಾಡಿ: ಟನ್‌ಗೆ ಸುಮಾರು ₹845, ಪ್ರತಿಫಲ ಶೇ 17ರ ಹತ್ತಿರ. ಆಗಲೂ ಕೆಟ್ಟದ್ದೇನಲ್ಲ. ಅಂಥ ಕ್ಯಾಪೆಕ್ಸ್‌ಗಾಗಿ ಡಿವಿಡೆಂಡ್ ಒಂದಿಷ್ಟು ಬಿಟ್ಟುಕೊಟ್ಟರೆ ನಷ್ಟವಿಲ್ಲ.

ಮೂರನೆಯದು ಬೇರೆ ಉದ್ಯಮಕ್ಕೆ ಹಾರುವ ಖರ್ಚು. ಭಯಪಡಬೇಕಾದ್ದು ಇಲ್ಲಿ. ನಗರ್ನಾರ್‌ನ 30 ಲಕ್ಷ ಟನ್ ಉಕ್ಕಿನ ಸ್ಥಾವರಕ್ಕೆ ಎನ್‌ಎಂಡಿಸಿ 20,000 ಕೋಟಿಗೂ ಹೆಚ್ಚು ಸುರಿಯಿತು. 2023ರ ಫೆಬ್ರುವರಿಯಲ್ಲಿ ಅದು ಎನ್‌ಎಂಡಿಸಿ ಸ್ಟೀಲ್ ಅಂತ ಬೇರೆಯಾಗಿ ಲಿಸ್ಟ್ ಆಯಿತು, ಷೇರುದಾರರಿಗೆ ಒಂದಕ್ಕೊಂದು ಷೇರು ಸಿಕ್ಕಿತು. 2023-24, 2024-25 ಎರಡೂ ವರ್ಷ ಅದರ ನಷ್ಟ 1,500 ಕೋಟಿ ಮೀರಿದೆ. ಅಷ್ಟು ವರ್ಷ ಅದಿರಿನಿಂದ ಬಂದ ಹಣ ಎಲ್ಲಿಗೆ ಹೋಯಿತು ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ನಮ್ಮ ಸಂಡೂರಿನಲ್ಲೂ ಇದೇ ಪ್ರಶ್ನೆ ಇದೆ. ಸಂಡೂರು ಮ್ಯಾಂಗನೀಸ್ 2024ರ ನವೆಂಬರ್‌ನಲ್ಲಿ ಅರ್ಜಾಸ್ ಸ್ಟೀಲ್ ಕೊಂಡಿತು. ಆ ಕಂಪನಿಯ ಲೆಕ್ಕ ನೋಡುವವರು ಇನ್ನು ಅದಿರಿನ ಬೆಲೆಯೊಂದನ್ನೇ ನೋಡಿ ಕೂರುವಂತಿಲ್ಲ, ಉಕ್ಕಿನ ಮಾರ್ಜಿನ್, ಸಾಲದ ಬಡ್ಡಿಯನ್ನೂ ನೋಡಬೇಕು.

ತಾಳೆಪಟ್ಟಿ

ಹಿಂದೂಸ್ತಾನ್ ಝಿಂಕ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರುತ್ತೇನೆ. ಅದಿರು ಒಳ್ಳೆಯದು. ರಾಜಸ್ಥಾನದ ರಾಂಪುರ ಅಗುಚಾದಂಥ ಗಣಿ ಇನ್ನೊಂದು ಸಿಗುವುದು ಕಷ್ಟ. ಆದರೆ ಡಿವಿಡೆಂಡ್ ಎಲ್ಲಿಂದ ಬಂತು ನೋಡಿ. 2022-23ರಲ್ಲಿ ₹21, ₹15.50, ₹13, ₹26 ಹೀಗೆ ನಾಲ್ಕು ಬಾರಿ, ಒಟ್ಟು ₹75.50. ಕಂಪನಿಯ ಷೇರುಗಳು ಸುಮಾರು 422.5 ಕೋಟಿ. ಗುಣಿಸಿದರೆ 31,900 ಕೋಟಿ. ಆ ವರ್ಷದ ಲಾಭ 10,500 ಕೋಟಿಯ ಹತ್ತಿರ. ಉಳಿದದ್ದು ಗಲ್ಲಾಪೆಟ್ಟಿಗೆಯಿಂದ, ಸಾಲದಿಂದ ಬಂತು. 2022ರ ಮಾರ್ಚ್‌ನಲ್ಲಿ 3,000 ಕೋಟಿಗಿಂತ ಕಡಿಮೆ ಇದ್ದ ಸಾಲ ಒಂದೇ ವರ್ಷದಲ್ಲಿ 11,000 ಕೋಟಿ ದಾಟಿತು. ಆಗ ಶೇ 64.92 ಷೇರು ವೇದಾಂತ ಕಂಪನಿಯ ಕೈಯಲ್ಲಿತ್ತು, ಅದರ ಮೇಲಿನ ಲಂಡನ್ನಿನ ಪೋಷಕ ಕಂಪನಿ ತನ್ನ ಸಾಲ ತೀರಿಸಬೇಕಿತ್ತು.

ಮುಂದಿನ ವರ್ಷ ಬಂದದ್ದು ₹13. ಅದರ ಮುಂದಿನ ವರ್ಷ ₹29. ₹75.50ರ ಆಧಾರದಲ್ಲಿ ಶೇಕಡಾವಾರು ಲೆಕ್ಕ ಹಾಕಿ ಕೊಂಡವರಿಗೆ ಮರುವರ್ಷ ಸಿಕ್ಕಿದ್ದು ಹೆಚ್ಚುಕಡಿಮೆ ಆರಕ್ಕೆ ಒಂದು ಪಾಲು ಮಾತ್ರ. 2025ರ ಜೂನ್‌ನಲ್ಲಿ ದೇಬಾರಿಯಲ್ಲಿ ವರ್ಷಕ್ಕೆ 2.5 ಲಕ್ಷ ಟನ್ ಲೋಹದ ಹೊಸ ಘಟಕಕ್ಕೆ 12,000 ಕೋಟಿ ಮಂಜೂರು ಮಾಡಿದ್ದಾರೆ. ಗಲ್ಲಾಪೆಟ್ಟಿಗೆ ಖಾಲಿಯಾದ ಮೇಲೆ ಬಂದ ದೊಡ್ಡ ಕ್ಯಾಪೆಕ್ಸ್ ಇದು, ಅದಕ್ಕೇ ನೋಡಿಕೊಂಡು ಹೆಜ್ಜೆ ಇಡಿ ಎನ್ನುತ್ತೇನೆ.

ಸರ್ಕಾರಿ ಕಂಪನಿಗೆ ಒಂದು ಅನುಕೂಲ ಇದೆ. 2024ರ ನವೆಂಬರ್‌ನ ಕೇಂದ್ರದ ಮಾರ್ಗಸೂಚಿಯಂತೆ ತೆರಿಗೆ ನಂತರದ ಲಾಭದ ಶೇ 30 ಅಥವಾ ನಿವ್ವಳ ಮೌಲ್ಯದ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು) ಶೇ 4, ಯಾವುದು ಹೆಚ್ಚೋ ಅಷ್ಟು ಕೊಡಬೇಕು. 2016ರ ಹಳೆಯ ಸೂಚನೆಯಲ್ಲಿ ನಿವ್ವಳ ಮೌಲ್ಯದ ಶೇ 5 ಇತ್ತು. ಎನ್‌ಎಂಡಿಸಿ ಎಷ್ಟೇ ಕ್ಯಾಪೆಕ್ಸ್ ಮಾಡಿದರೂ ಈ ನೆಲಗಟ್ಟು ಇದೆ. ಖಾಸಗಿಯಲ್ಲಿ ಇಂಥ ನೆಲಗಟ್ಟನ್ನು ಕಂಪನಿ ತಾನೇ ಹಾಕಿಕೊಳ್ಳಬೇಕು. ಆಸ್ಟ್ರೇಲಿಯಾದ ಗಣಿ ಕಂಪನಿ ಬಿಎಚ್‌ಪಿ 2016ರ ಫೆಬ್ರುವರಿಯಲ್ಲಿ ವರ್ಷವರ್ಷ ಏರಿಸುವ ಪದ್ಧತಿ ಕೈಬಿಟ್ಟು ಮಧ್ಯಂತರ ಡಿವಿಡೆಂಡನ್ನು 62 ಸೆಂಟ್‌ನಿಂದ 16ಕ್ಕೆ ಇಳಿಸಿತು, ಬದಲಿಗೆ ಲಾಭದ ಕನಿಷ್ಠ ಶೇ 50 ಎಂಬ ನಿಯಮ ಇಟ್ಟುಕೊಂಡಿತು. ಲೋಹದ ಬೆಲೆಯೊಂದಿಗೆ ಏರಿಳಿಯುವ ಡಿವಿಡೆಂಡೇ ಗಣಿಗೆ ಒಪ್ಪುವಂಥದ್ದು. ನೇರ ಗೆರೆಯಂತೆ ಏರುವ ಡಿವಿಡೆಂಡ್ ಕಂಡರೆ ಸಾಲದ ಪುಟ ತೆಗೆದು ನೋಡಿ.

ಸಂಡೂರು_ಕಣಿವೆ

ಇನ್ನೊಂದು ಮಾತು, ಇದು ಕರ್ನಾಟಕದ ಗಣಿಗಳಿಗೆ ಮುಖ್ಯ. ಯಂತ್ರ ತಂದು ನಿಲ್ಲಿಸಿದ ಮಾತ್ರಕ್ಕೆ ಅದಿರು ತೆಗೆಯಲಾಗದು. ಪ್ರತಿ ಗಣಿಗೂ ಅನುಮತಿಸಿದ ಗರಿಷ್ಠ ಉತ್ಪಾದನೆ ಇದೆ, ಅದರ ಮೇಲೆ ಜಿಲ್ಲಾ ಮಿತಿ. ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಬಳ್ಳಾರಿಯದನ್ನು 2.8 ಕೋಟಿಯಿಂದ 3.5 ಕೋಟಿ ಟನ್‌ಗೆ, ಚಿತ್ರದುರ್ಗ–ತುಮಕೂರು ಸೇರಿ 70 ಲಕ್ಷದಿಂದ 1.5 ಕೋಟಿ ಟನ್‌ಗೆ ಏರಿಸಿತು.

ಎನ್‌ಎಂಡಿಸಿಯ ದೋಣಿಮಲೆ ಗಣಿಯನ್ನೇ ನೋಡಿ. ಗುತ್ತಿಗೆ ವಿಸ್ತರಿಸಲು ರಾಜ್ಯ ಸರ್ಕಾರ ಅದಿರಿನ ಮಾರಾಟ ಮೌಲ್ಯದ ಮೇಲೆ ಶೇ 80 ಪ್ರೀಮಿಯಂ ಕೇಳಿದ್ದರಿಂದ 2018ರ ನವೆಂಬರ್‌ನಲ್ಲಿ ಕೆಲಸ ನಿಂತಿತು, ಶುರುವಾದದ್ದು 2021ರ ಫೆಬ್ರುವರಿಯಲ್ಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಸ್ಥಾವರ ಇತ್ತು, ಜನ ಇದ್ದರು, ಅದಿರು ಹೊರಗೆ ಬರಲಿಲ್ಲ. ಕುದುರೆಮುಖದಲ್ಲಿ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆಯೇ ಮುಗಿಯಿತು. ಅಲ್ಲಿ ಗಣಿ ನಡೆಸುತ್ತಿದ್ದ ಕೆಐಒಸಿಎಲ್ ಕಂಪನಿ ಇವತ್ತು ಹೊರಗಿನಿಂದ ಅದಿರು ಕೊಂಡು ಮಂಗಳೂರಿನಲ್ಲಿ ಪೆಲೆಟ್ (ಅದಿರಿನ ಉಂಡೆ) ಮಾಡುತ್ತಿದೆ. ಅದಕ್ಕೆ ಸಂಡೂರಿನಲ್ಲಿ ಸಿಕ್ಕ ದೇವದಾರಿ ಗುತ್ತಿಗೆಯ ಅರಣ್ಯ ಭೂಮಿ ಹಸ್ತಾಂತರಕ್ಕೆ 2024ರ ಜೂನ್‌ನಲ್ಲಿ ರಾಜ್ಯ ತಡೆ ಹಾಕಿತು. ಹೂಡಿದ ಹಣಕ್ಕೆ ಪ್ರತಿಫಲ ಲೆಕ್ಕ ಹಾಕುವಾಗ ಇಂಥ ಎರಡು ವರ್ಷದ ತಡ ಸೇರಿಸಿ ನೋಡಿ. ಮೇಲೆ ಹೇಳಿದ ಶೇ 30 ಎಷ್ಟಕ್ಕೆ ಬಂದು ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ.

ತಿಂಗಳ_ಲೆಕ್ಕ

ತುಂಬಾ ಉಪಕಾರ. ಬೋನಸ್ ಲೆಕ್ಕ ನಾನು ತಪ್ಪಿದ್ದೆ. ಒಂದು ಉಳಿಯಿತು: ತೆರಿಗೆ ಕಳೆದ ಮೇಲೆ ಡಿವಿಡೆಂಡ್ ಒಳ್ಳೆಯದಾ, ಕಂಪನಿ ಒಳಗೇ ಉಳಿಸಿಕೊಂಡರೆ ಒಳ್ಳೆಯದಾ?

ನಗದು_ಹರಿವು

ನಿಮ್ಮ ತೆರಿಗೆ ಹಂತದ ಮೇಲೆ ನಿಂತಿದೆ ಸರ್. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೇ ಸೇರುತ್ತದೆ. ಶೇ 30ರ ಹಂತದಲ್ಲಿದ್ದರೆ ಸೆಸ್ ಸೇರಿ ಶೇ 31.2, ಹಾಗಾಗಿ ₹100ರಲ್ಲಿ ಕೈಗೆ ₹68.80. ಷೇರು ಒಂದು ವರ್ಷ ದಾಟಿಸಿ ಮಾರಿದರೆ ₹1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲೆ ಶೇ 12.5. ಅಂಥವರಿಗೆ ಎರಡನೇ ಬಗೆಯ ಕ್ಯಾಪೆಕ್ಸ್ ಮಾಡುವ ಕಂಪನಿಯೇ ಲಾಭ, ವರ್ಷಕ್ಕೆ ಬೇಕಾದಷ್ಟು ಷೇರು ಮಾರಿಕೊಳ್ಳಬಹುದು. ಬೇರೆ ಆದಾಯ ಕಡಿಮೆ ಇದ್ದು ತೆರಿಗೆಯೇ ಬೀಳದಿದ್ದರೆ ಡಿವಿಡೆಂಡ್ ಸಲೀಸು. ಒಂದು ಕಂಪನಿಯಿಂದ ವರ್ಷಕ್ಕೆ ₹10,000 ದಾಟಿದರೆ ಶೇ 10 ಟಿಡಿಎಸ್ ಹಿಡಿಯುತ್ತಾರೆ, ರಿಟರ್ನ್ ಹಾಕಿ ವಾಪಸ್ ಪಡೆಯಬಹುದು.

ರೆಕಾರ್ಡ್ ಡೇಟ್ ನೋಡಿ ಡಿವಿಡೆಂಡ್‌ಗಾಗಿಯೇ ಕೊಳ್ಳುವ ಯೋಚನೆ ಇದ್ದರೆ ಬಿಡಿ. ಈಗ ಎಕ್ಸ್ ಡೇಟ್ (ಅಂದಿನಿಂದ ಕೊಂಡವರಿಗೆ ಡಿವಿಡೆಂಡ್ ಇಲ್ಲದ ದಿನ), ರೆಕಾರ್ಡ್ ಡೇಟ್ ಎರಡೂ ಒಂದೇ ದಿನ. ಹಿಂದಿನ ವಹಿವಾಟು ದಿನದೊಳಗೆ ಕೊಂಡಿರಬೇಕು. ಮಾರನೇ ದಿನ ಬೆಳಿಗ್ಗೆ ಷೇರು ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿದು ಶುರುವಾಗುತ್ತದೆ, ತೆರಿಗೆ ಮಾತ್ರ ನಿಮ್ಮ ತಲೆ ಮೇಲೆ.

ತಾಳೆಪಟ್ಟಿ

ಲೆಕ್ಕಕ್ಕೆ ಇದನ್ನೂ ಸೇರಿಸಿಕೊಳ್ಳಿ. ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈ 25ರಂದು ತೀರ್ಪು ಕೊಟ್ಟಿದೆ. 2005ರ ಏಪ್ರಿಲ್ 1ರಿಂದ ಹಿಂದಿನ ಬಾಕಿಯನ್ನೂ ಕೇಳಬಹುದು, ಅದನ್ನು 2026ರ ಏಪ್ರಿಲ್‌ನಿಂದ 12 ವರ್ಷಗಳ ಕಂತಿನಲ್ಲಿ ಕಟ್ಟಬೇಕು. ಕರ್ನಾಟಕದ ವಿಧಾನಮಂಡಲ 2024ರ ಡಿಸೆಂಬರ್‌ನಲ್ಲಿ ಮಸೂದೆಯನ್ನೂ ಅಂಗೀಕರಿಸಿತು. ಸರ್ಕಾರಕ್ಕೆ ಹೋಗುವ ಆ ಶೇ 42ರ ಮೇಲೆ ಇದು ಬಂದರೆ ಪೆಟ್ಟು ಮೊದಲು ಬೀಳುವುದು ಡಿವಿಡೆಂಡ್‌ಗೆ, ಏಕೆಂದರೆ ಟೆಂಡರ್ ಆದ ಕಾಮಗಾರಿಯನ್ನು ಅರ್ಧಕ್ಕೆ ಬಿಡಲಾಗದು. ಬದ್ಧತೆಗಳ ಪುಟದ ಪಕ್ಕದಲ್ಲೇ ಸಂಭಾವ್ಯ ಹೊಣೆಯ ಪಟ್ಟಿ ಇರುತ್ತದೆ. ಯಾವ ರಾಜ್ಯ ಎಷ್ಟು ಕೇಳಿದೆ, ಕಂಪನಿ ಎಷ್ಟಕ್ಕೆ ಒಪ್ಪಿಲ್ಲ ಎನ್ನುವುದನ್ನು ಪ್ರತಿ ವರ್ಷ ಅಲ್ಲಿ ತಾಳೆ ನೋಡಿ.