ಅಪ್‌ಡೇಟ್: ಲಿಸ್ಬನ್‌ಗೆ ಹೋಗಿ ಬಂದೆ

ಲಿಸ್ಬನ್‌ನಲ್ಲಿ ಯಾವ ಬಾರು, ಯಾವ ತಿಂಡಿ, ಏನು ನೋಡಬೇಕು ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ.

ನೀವು ಹೇಳಿದ್ದರಲ್ಲಿ ಗೆದ್ದದ್ದು ರೊಸ್ಸಿಯು ಚೌಕದ ಹತ್ತಿರದ ‘ಆ ಜಿಂಜಿನ್ಯಾ’. 1840ರ ಬಾರು. ಕೂರಲು ಜಾಗವೇ ಇಲ್ಲ. ಹುಳಿ ಚೆರ್ರಿಯ ಮದ್ಯವನ್ನು ಪುಟ್ಟ ಲೋಟದಲ್ಲಿ ಕೊಡುತ್ತಾರೆ, ಬೀದಿಯಲ್ಲೇ ನಿಂತು ಕುಡಿಯಬೇಕು. ಹಣ್ಣು ಹಾಕಿಸಿಕೊಳ್ಳಿ, ಮಜಾ ಇರೋದೇ ಅದರಲ್ಲಿ.

ಲಿಸ್ಬನ್ನಿನದೇ ಬೆಲೆಂ ಬಡಾವಣೆಯಲ್ಲಿ 1837ರಿಂದ ಮಾರುತ್ತಿರುವ ಕಸ್ಟರ್ಡ್ ಟಾರ್ಟ್ ಬಿಸಿಬಿಸಿ ತಿಂದೆ, ಮೇಲೆ ದಾಲ್ಚಿನ್ನಿ ಪುಡಿ. (ಮೊಟ್ಟೆ ಇದೆ, ತಿನ್ನದವರು ನೋಡಿಕೊಳ್ಳಿ.) ಪಾರ್ಸೆಲ್ ಕ್ಯೂ ಉದ್ದ ಇದ್ದರೆ ಒಳಗೆ ಹೋಗಿ ಕೂತುಬಿಡಿ. ಪಕ್ಕದಲ್ಲೇ ಜೆರೋನಿಮೋಸ್ ಮಠ, ವಾಸ್ಕೋ ಡ ಗಾಮನ ಸಮಾಧಿ ಅಲ್ಲಿದೆ.

28ನೇ ನಂಬರ್ ಟ್ರಾಮ್ ಹೊಗಳಿದವರೇ, ನಿಲ್ಲೋಕೂ ಜಾಗ ಇರಲಿಲ್ಲ!

ಹೋಟೆಲಲ್ಲಿ ಕೇಳದೆ ತಂದಿಡುವ ಬ್ರೆಡ್, ಆಲಿವ್ ಸಾಮಾನ್ಯವಾಗಿ ಪುಕ್ಕಟೆ ಅಲ್ಲ. ಬೇಡದಿದ್ದರೆ ಮುಟ್ಟದೆ ವಾಪಸ್ ಕಳಿಸಿ.