ಬಿಪಿ ಹತೋಟಿಗೆ ಬಂದಿದೆ, ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ಡಾಕ್ಟರ್, ನಮಸ್ಕಾರ. ನನಗೆ 52 ವರ್ಷ. ಬಿಪಿಗೆ ಎರಡು ಮಾತ್ರೆ ನಡೆಯುತ್ತಿದೆ, ಆಮ್ಲೊಡಿಪಿನ್ 10 ಮತ್ತು ಟೆಲ್ಮಿಸಾರ್ಟನ್ 40. ಕೆಲವು ತಿಂಗಳಿಂದ ದಿನಾ ನಡೆಯುತ್ತಿದ್ದೇನೆ, ಉಪ್ಪು ಕಡಿಮೆ ಮಾಡಿದ್ದೇನೆ. ತೂಕ 86ರಿಂದ 79 ಕೆಜಿಗೆ ಇಳಿದಿದೆ. ಮನೆಯಲ್ಲಿ ನೋಡಿದರೆ ಬಿಪಿ 118/76ರ ಆಸುಪಾಸು ಇರುತ್ತದೆ. ಶುಗರ್ ಇಲ್ಲ. ಆದರೆ ಸಂಜೆ ಹೊತ್ತಿಗೆ ಪಾದ ಊದುತ್ತದೆ, ಕೂತವನು ಎದ್ದರೆ ಒಂದೊಂದು ಸಲ ತಲೆ ತಿರುಗುತ್ತದೆ. ಮಾತ್ರೆ ನಿಲ್ಲಿಸಬಹುದಾ? ಒಮ್ಮೆ ಶುರು ಮಾಡಿದರೆ ಸಾಯೋ ತನಕ ಅಂತಾರಲ್ಲ, ನಿಜಾನಾ?

ಡಾಕ್ಟರ್: ನಮಸ್ಕಾರ. ಮೊದಲು ಕೊನೆಯ ಪ್ರಶ್ನೆ. ಬಿಪಿ ಮಾತ್ರೆ ಚಟ ಹಿಡಿಸುವಂಥದ್ದಲ್ಲ. ಬಿಪಿ ಏರುವುದಕ್ಕೆ ಇರುವ ಕಾರಣಗಳು, ಅಂದರೆ ವಯಸ್ಸು, ವಂಶ, ಗಡುಸಾದ ರಕ್ತನಾಳ, ಎಲ್ಲಿಗೂ ಹೋಗುವುದಿಲ್ಲ. ಅದಕ್ಕೇ ಬಹಳ ಜನರಿಗೆ ಮಾತ್ರೆಯೂ ಹೋಗುವುದಿಲ್ಲ. ತೂಕ, ಉಪ್ಪು, ಕುಡಿತ ಇಂಥ ಕಾರಣಗಳ ಪಾಲು ಜಾಸ್ತಿ ಇದ್ದವರಿಗೆ ಮಾತ್ರ ಕಡಿಮೆ ಮಾಡಲು ಜಾಗ ಇರುತ್ತದೆ. ನಿಮಗೆ ಇದೆ ಅನ್ನಿಸುತ್ತದೆ.

ಆದರೆ ಒಂದು ಮಾತು. 118/76 ಎರಡು ಮಾತ್ರೆ ಒಳಗಿರುವಾಗ ಬಂದ ಅಂಕಿ. ಅದರಲ್ಲಿ ನಿಮ್ಮ ಶ್ರಮ ಎಷ್ಟು, ಮಾತ್ರೆ ಎಷ್ಟು ಅಂತ ಮಷಿನ್ ಹೇಳುವುದಿಲ್ಲ. ಸುಮಾರಾಗಿ ಒಂದು ಕೆಜಿ ಇಳಿದರೆ ಮೇಲಿನ ಬಿಪಿ ಒಂದು ಪಾಯಿಂಟ್ ಇಳಿಯುತ್ತದೆ. ಉಪ್ಪು, ನಡಿಗೆ ಸೇರಿ ಇನ್ನಷ್ಟು. ಇಷ್ಟರಿಂದ ಎರಡೂ ಮಾತ್ರೆಯ ಜಾಗ ತುಂಬುವುದು ಕಷ್ಟ. ಹಾಗಾಗಿ ಸದ್ಯಕ್ಕೆ ನಿಲ್ಲಿಸುವ ಮಾತು ಬೇಡ, ಡೋಸ್ ಇಳಿಸುವ ಮಾತು ಆಡೋಣ.

ಪಾದ ಊದುವುದು ಆಮ್ಲೊಡಿಪಿನ್‌ನ ಹಳೇ ಚಾಳಿ, ಡೋಸ್ ಹೆಚ್ಚಿದಷ್ಟೂ ಜಾಸ್ತಿ. ಊತಕ್ಕೆ ಬೇರೆ ಕಾರಣ ಇಲ್ಲ ಅಂತ ಖಾತ್ರಿಯಾದರೆ ನಿಮ್ಮ ಡಾಕ್ಟರ್ ಬಹುಶಃ 10 ಇದ್ದದ್ದನ್ನು 5 ಮಾಡುತ್ತಾರೆ. ಅರ್ಧ ಡೋಸ್ ಅಂದರೆ ಅರ್ಧ ಕೆಲಸ ಅಂತಲ್ಲ. ಬಿಪಿ ಇಳಿಸುವ ಶಕ್ತಿಯಲ್ಲಿ ದೊಡ್ಡ ಪಾಲು ಉಳಿದುಕೊಳ್ಳುತ್ತದೆ, ಊತ ಮಾತ್ರ ಚೆನ್ನಾಗಿ ತಗ್ಗುತ್ತದೆ. ಇಳಿಸುವುದಾದರೆ ಒಂದು ಸಲಕ್ಕೆ ಒಂದೇ ಮಾತ್ರೆ. ಎರಡಕ್ಕೂ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ತಲೆ ತಿರುಗುವುದನ್ನು ಹಗುರವಾಗಿ ತಗೋಬೇಡಿ. ಕೂತು ಒಮ್ಮೆ ಬಿಪಿ ನೋಡಿ, ಎದ್ದು ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಕುಸಿದರೆ ತಡಮಾಡದೆ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಅವರ ಹತ್ತಿರ ಹೋಗುವಾಗ ಏನು ತೋರಿಸಬೇಕು?

ಡಾಕ್ಟರ್: ಒಂದು ವಾರದ ರೀಡಿಂಗ್. ಬೆಳಗ್ಗೆ ಮಾತ್ರೆ ನುಂಗುವ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬಂದು ಐದು ನಿಮಿಷ ಸುಮ್ನೆ ಕೂತಿರಿ. ಬೆನ್ನಿಗೆ ಒರಗು ಇರಲಿ, ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ. ಪಟ್ಟಿ ಬರೀ ತೋಳಿಗೇ ಸುತ್ತಬೇಕು, ಅಂಗಿಯ ಮೇಲಲ್ಲ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಮಾತಾಡಿದರೂ ಅಷ್ಟೇ. ಎಷ್ಟೋ ಜನ ಫೋನಿನಲ್ಲಿ ಮಾತಾಡುತ್ತಲೇ ಬಟನ್ ಒತ್ತುತ್ತಾರೆ, ಆಮೇಲೆ 150 ಬಂತು ಅಂತ ಗಾಬರಿ!

ಇನ್ನೊಬ್ಬ ಸದಸ್ಯರು: ಸರ್, ನಮ್ಮ ಅಣ್ಣ ಆಮ್ಲೊಡಿಪಿನ್ ತಾನೇ ನಿಲ್ಲಿಸಿದ. ಮೂರ್ನಾಲ್ಕು ದಿನ ನೋಡಿದ, ಬಿಪಿ ನಾರ್ಮಲ್. ಇನ್ನು ಬೇಕಾಗಿಲ್ಲ ಅಂತಾನೆ.

ಡಾಕ್ಟರ್: ಎಷ್ಟೋ ಜನ ಮೋಸ ಹೋಗುವುದು ಇಲ್ಲೇ. ಆಮ್ಲೊಡಿಪಿನ್ ದೇಹದಿಂದ ಬಹಳ ನಿಧಾನಕ್ಕೆ ಇಳಿಯುತ್ತದೆ. ರಕ್ತದಲ್ಲಿ ಅದು ಅರ್ಧ ಆಗುವುದಕ್ಕೇ 30ರಿಂದ 50 ಗಂಟೆ ಬೇಕು. ಮೂರ್ನಾಲ್ಕು ದಿನದಲ್ಲಿ ಅವರು ಅಳೆದದ್ದು ಹಳೇ ಮಾತ್ರೆಯ ಬಾಕಿ. ನಿಲ್ಲಿಸಿದ್ದನ್ನು ಅವರ ಡಾಕ್ಟರಿಗೆ ಈಗಲೇ ತಿಳಿಸಲಿ, ರೀಡಿಂಗ್ ಬರೆಯುತ್ತಾ ಇರಲಿ. ಬಿಪಿ ಏರಿದರೂ ಮೈಗೆ ಏನೂ ಗೊತ್ತಾಗದೆ ಇರಬಹುದು.

ಎಲ್ಲ ಮಾತ್ರೆಯೂ ಇಷ್ಟು ಸೌಮ್ಯ ಅಲ್ಲ ಅನ್ನುವುದೂ ಗೊತ್ತಿರಲಿ. ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ್ದನ್ನು ದಿಢೀರ್ ನಿಲ್ಲಿಸಿದರೆ ಎದೆಬಡಿತ ಜೋರಾಗಬಹುದು. ಹೃದಯದ ತೊಂದರೆ ಇದ್ದವರಿಗೆ ಎದೆನೋವು, ಹಾರ್ಟ್ ಅಟ್ಯಾಕ್ ತನಕ ಹೋಗಬಹುದು. ಕ್ಲೊನಿಡಿನ್ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಬಿಪಿ ಮೇಲಕ್ಕೆ ಹಾರಬಹುದು. ಮತ್ತೆ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥವನ್ನು ಕೆಲವರಿಗೆ ಕಿಡ್ನಿ ಅಥವಾ ಹೃದಯ ಕಾಪಾಡಲು ಕೊಟ್ಟಿರುತ್ತಾರೆ. ಅಂಥವರಿಗೆ ಬಿಪಿ ಸರಿ ಇದೆ ಅನ್ನುವುದು ನಿಲ್ಲಿಸಲು ಕಾರಣವೇ ಅಲ್ಲ.

ಮತ್ತೊಬ್ಬರು: ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಬರುತ್ತಲ್ಲ, ಅದು ಹಾಕಬಹುದಾ ಸರ್?

ಡಾಕ್ಟರ್: ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ಚೆನ್ನಾಗಿದ್ದರೆ ಬಿಪಿಗೆ ಒಳ್ಳೆಯದೇ. ಆದರೆ ಕಿಡ್ನಿ ತೊಂದರೆ ಇದ್ದವರು, ಸ್ಪೈರೊನೊಲ್ಯಾಕ್ಟೋನ್, ಟೆಲ್ಮಿಸಾರ್ಟನ್, ರಾಮಿಪ್ರಿಲ್ ತೆಗೆದುಕೊಳ್ಳುವವರು ಕೇಳದೆ ಬಳಸಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಕೆಡುತ್ತದೆ. ಮಾಮೂಲಿ ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಟೀ ಚಮಚಕ್ಕಿಂತ ಕಡಿಮೆ, ಪ್ಯಾಕೆಟ್ ತಿಂಡಿಯಲ್ಲಿ ಅಡಗಿರುವುದೂ ಸೇರಿ.

ಅದೇ ಸದಸ್ಯರು: ಇಷ್ಟೆಲ್ಲಾ ಮಾಡಿದರೆ ಮಾತ್ರೆ ನಿಜಕ್ಕೂ ಬಿಟ್ಟವರು ಇದ್ದಾರಾ?

ಡಾಕ್ಟರ್: ಇದ್ದಾರೆ. 1998ರಲ್ಲಿ ಅಮೆರಿಕದಿಂದ ಟೋನ್ ಅನ್ನುವ ಅಧ್ಯಯನ ಬಂತು. 60ರಿಂದ 80 ವರ್ಷದವರು, ಬಿಪಿ ಹತೋಟಿಯಲ್ಲಿದ್ದವರು. ಮೊದಲು ಉಪ್ಪು, ತೂಕ ಇಳಿಸುವ ಅಭ್ಯಾಸ ಮಾಡಿಸಿದರು. ಸುಮಾರು ಮೂರು ತಿಂಗಳಾದ ಮೇಲೆ ಮಾತ್ರೆ ಬಿಡಿಸಿ ನೋಡಿದರು. ಏನೂ ಬದಲಿಸದವರಿಗಿಂತ ಇವರಲ್ಲಿ ಹೆಚ್ಚು ಜನ ಮಾತ್ರೆ ಇಲ್ಲದೆ ಉಳಿದರು. ಎಲ್ಲರೂ ಅಲ್ಲ. ಅಭ್ಯಾಸ ಮೊದಲು, ಮಾತ್ರೆಗೆ ಕೈ ಹಾಕುವುದು ಆಮೇಲೆ, ಈ ಕ್ರಮ ನನಗೆ ಮುಖ್ಯ ಅನ್ನಿಸುತ್ತದೆ. ಬಹಳ ಜನ ಉಲ್ಟಾ ಮಾಡುತ್ತಾರೆ.

ಇನ್ನೂ ಎರಡು ಮೂರು ಕಡೆ ಕಣ್ಣಿಡಿ. ಮಂಡಿನೋವಿಗೆ ಅಂತ ದಿನಾ ನುಂಗುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ. ಮೂಗು ಕಟ್ಟಿದಾಗ ತಗೊಳ್ಳುವ ಕೆಲವು ಮಾತ್ರೆಗಳೂ ಹಾಗೇ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಗಲೆಲ್ಲಾ ತೂಕಡಿಕೆ ಇದ್ದರೆ ಅದನ್ನು ಪರೀಕ್ಷೆ ಮಾಡಿಸಿ. ಕುಡಿತದ ಬಗ್ಗೆ ನಿಮ್ಮ ಡಾಕ್ಟರಿಗೆ ನಿಜ ಹೇಳಿ, ಅಲ್ಲಿ ಲೆಕ್ಕ ತಪ್ಪಿಸುವವರೇ ಜಾಸ್ತಿ.

ಪ್ರಶ್ನೆ ಕೇಳಿದವರು: ಡೋಸ್ ಇಳಿಸಿದ ಮೇಲೆ ಎಷ್ಟು ದಿನ ನೋಡಬೇಕು ಸರ್?

ಡಾಕ್ಟರ್: ನಾಲ್ಕು ವಾರದ ಹೊತ್ತಿಗೆ ಮತ್ತೆ ಒಂದು ವಾರದ ಸರಾಸರಿ ತೆಗೆದು ತೋರಿಸಿ. ಮನೆಯ ಸರಾಸರಿ 135/85 ದಾಟಿದರೆ ಇಳಿಸಿದ್ದು ಹೆಚ್ಚಾಯಿತು ಅಂತ. ಹಲವರಿಗೆ ಇದಕ್ಕಿಂತ ಕೆಳಗಿನ ಗುರಿ ಇಟ್ಟಿರುತ್ತಾರೆ, ನಿಮ್ಮದು ಎಷ್ಟು ಅಂತ ಕೇಳಿಕೊಳ್ಳಿ. ದಾಟಿದರೆ ಹಳೇ ಡೋಸ್‌ಗೆ ಹೋಗಬೇಕಾಗಬಹುದು, ಅದರಲ್ಲಿ ನಾಚಿಕೆ ಏನೂ ಇಲ್ಲ. ಸರಿ ಇದ್ದರೂ ಮಷಿನ್ ಒಳಗಿಡಬೇಡಿ. ಚಳಿಗಾಲದಲ್ಲಿ ಬಿಪಿ ಸ್ವಲ್ಪ ಏರುವುದುಂಟು. ಬೇಸಿಗೆಯಲ್ಲಿ ಇಳಿಸಿದ ಡೋಸ್ ಆಗ ಸಾಲದೆ ಬರಬಹುದು, ಚಳಿ ಶುರುವಾದಾಗ ಇನ್ನೊಂದು ವಾರ ಬರೆದಿಡಿ.